ನಕ್ಷೆ ತುಂಬಾ ಕೆಂಪು, ಓಟು ಮಾತ್ರ ಅರ್ಧರ್ಧ: ಅಮೆರಿಕದ ರಾಜಕೀಯಕ್ಕೆ ಮಣ್ಣೂ ಮೈಬಣ್ಣವೂ ಅಂಟಿಕೊಂಡ ಕಥೆ

2024ರ ನವೆಂಬರ್ 6, ಬುಧವಾರ ಸಂಜೆ. ಹೊಸನಗರ ತಾಲ್ಲೂಕಿನ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿತ ನಡೆದಿತ್ತು. ಚಪ್ಪರದ ಕೆಳಗೆ ಮೆಟ್ಟುಗತ್ತಿಗಳ ಸಾಲು, ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ, ಹಿತ್ತಿಲ ಕಡೆಯಿಂದ ಬೇಯಿಸುವ ಹಂಡೆಯ ಚೊಗರಿನ ವಾಸನೆ. ಟ್ರಂಪ್ ಗೆದ್ದರು ಎಂಬ ಸುದ್ದಿ ಆಗಷ್ಟೇ ಬಂದಿತ್ತು. ಸುಲಿಯಲು ಬಂದಿದ್ದ ಒಬ್ಬರ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಹಾಗಾಗಿ ಮೊಬೈಲ್ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿತ್ತು. ಪರದೆಯ ಮೇಲೆ ಅಮೆರಿಕದ ನಕ್ಷೆ. ಕುಂಕುಮದ ಭರಣಿ ಚೆಲ್ಲಿದ ಹಾಗೆ ಕೆಂಪು, ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ.

ಪಕ್ಕದ ಮನೆಯ ಹಿರಿಯರು ಕನ್ನಡಕ ಏರಿಸಿ ನೋಡಿದರು. "ಅಲ್ಲ ಮಾರಾಯ, ಓಟು ಹೆಚ್ಚುಕಮ್ಮಿ ಅರ್ಧರ್ಧ ಅಂತಾರೆ. ನಕ್ಷೆಲಿ ನೋಡಿದ್ರೆ ನೀಲಿಯವರಿಗೆ ನಿಲ್ಲಕ್ಕೂ ಜಾಗ ಇಲ್ಲ. ಇದು ಹ್ಯಾಂಗೆ?"

ಆವತ್ತು ನನಗೆ ಬಂದ ಉತ್ತರ ಅರ್ಧಂಬರ್ಧ. ಆಮೇಲೆ 2025ರಲ್ಲಿ ಭಾರತದ ಸರಕಿನ ಮೇಲೆ 50 ಶೇಕಡಾ ಸುಂಕ ಬಿತ್ತು, ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆಯಾಯಿತು. ಆ ನಕ್ಷೆಯ ಬಣ್ಣ ಮಲೆನಾಡಿನ ಜಗಲಿವರೆಗೂ ಬಂದು ಕೂತಿತು. ಹಿರಿಯರ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ ಅಂದರೆ, ಸುಮಾರು 10 ಕೋಟಿ ವರ್ಷ.

ನಕ್ಷೆ ಬಣ್ಣ ಹಚ್ಚುವುದು ನೆಲಕ್ಕೆ

ಮೊದಲು ಸುಲಭದ್ದು. ಅಮೆರಿಕದಲ್ಲಿ ಕೌಂಟಿ ಅಂತ ಒಂದು ಘಟಕ ಇದೆ. ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದ್ದು ಅಂದುಕೊಳ್ಳಿ. ಇಂಥವು 3,100ಕ್ಕಿಂತ ಹೆಚ್ಚು. ಅಲ್ಲಿ ಯಾರಿಗೆ ಹೆಚ್ಚು ಓಟು ಬಂತೋ ಅವರ ಬಣ್ಣವನ್ನು ಇಡೀ ಕೌಂಟಿಗೆ ಬಳಿಯುತ್ತಾರೆ: ರಿಪಬ್ಲಿಕನ್ ಪಕ್ಷಕ್ಕೆ ಕೆಂಪು, ಡೆಮಾಕ್ರಟಿಕ್ ಪಕ್ಷಕ್ಕೆ ನೀಲಿ. (ಈ ಬಣ್ಣಗಳೂ ಹಳೆಯವೇನಲ್ಲ. 2000ದ ಚುನಾವಣೆಯ ಟಿವಿ ಪ್ರಸಾರದ ನಂತರವೇ ಹೀಗೆ ಗಟ್ಟಿಯಾಗಿದ್ದು.)

ಒಂದು ಕೌಂಟಿಯಲ್ಲಿ ಐದು ಸಾವಿರ ಜನ ಇರಬಹುದು, ಇನ್ನೊಂದರಲ್ಲಿ ಒಂದು ಕೋಟಿ. ಲಾಸ್ ಏಂಜಲೀಸ್ ಕೌಂಟಿಯ ಜನಸಂಖ್ಯೆ ನಿಜಕ್ಕೂ ಒಂದು ಕೋಟಿಯ ಹತ್ತಿರ. ವಯೋಮಿಂಗ್ ಎಂಬ ಇಡೀ ರಾಜ್ಯ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು, ಜನ ಮಾತ್ರ 6 ಲಕ್ಷವೂ ಇಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ 2011ರಲ್ಲೇ 17.5 ಲಕ್ಷ ಜನ ಇದ್ದರು. ಅಂದರೆ ಜಿಲ್ಲೆಯ ಮೂರನೇ ಒಂದು ಪಾಲು ಜನರನ್ನು ಬೀದರಿನಿಂದ ಚಾಮರಾಜನಗರದವರೆಗೆ ಚದುರಿಸಿದರೆ ವಯೋಮಿಂಗ್.

ನಮ್ಮಲ್ಲೂ ಹೀಗೆ ನಕ್ಷೆ ಮಾಡಿದರೆ ಆಗುಂಬೆ ಕಾಡಿಗೂ, ಲಿಂಗನಮಕ್ಕಿ ಹಿನ್ನೀರಿಗೂ ಬಣ್ಣ ಬೀಳುತ್ತದೆ. ಭದ್ರಾವತಿಯ ಒಂದು ವಾರ್ಡಿನಲ್ಲಿರುವಷ್ಟು ಮತದಾರರನ್ನು ಹುಡುಕಲು ಹೊಸನಗರದ ಕಡೆ ಎಷ್ಟು ಗುಡ್ಡ ಹತ್ತಿಳಿಯಬೇಕು ಅಂತ ಚುನಾವಣಾ ಡ್ಯೂಟಿಗೆ ಬಂದ ಮೇಷ್ಟ್ರುಗಳನ್ನು ಕೇಳಬೇಕು.

2020ರಲ್ಲಿ ಡೆಮಾಕ್ರಟ್ ಬೈಡನ್ ಗೆದ್ದ ಕೌಂಟಿಗಳು ಐನೂರರ ಆಸುಪಾಸು, ರಿಪಬ್ಲಿಕನ್ ಟ್ರಂಪ್ ಗೆದ್ದದ್ದು ಸುಮಾರು ಎರಡೂವರೆ ಸಾವಿರ. ಓಟಿನಲ್ಲಿ ಮಾತ್ರ ಬೈಡನ್ 70 ಲಕ್ಷದಷ್ಟು ಮುಂದಿದ್ದರು. 2024ರಲ್ಲಿ ಟ್ರಂಪ್‌ಗೆ ಬಂದದ್ದು ಸುಮಾರು 7.7 ಕೋಟಿ, ಕಮಲಾ ಹ್ಯಾರಿಸ್‌ಗೆ 7.5 ಕೋಟಿ.

ಇಷ್ಟಕ್ಕೇ ಹಿರಿಯರ ಪ್ರಶ್ನೆ ಮುಗಿಯಬೇಕಿತ್ತು. ಆದರೆ ಪೇಟೆ ನೀಲಿ, ಹಳ್ಳಿ ಕೆಂಪು ಅಂತ ಇಷ್ಟು ಕಟ್ಟುನಿಟ್ಟಾಗಿ ಯಾಕೆ ಬೇರೆಯಾಯಿತು? ನಿಜವಾದ ಪ್ರಶ್ನೆ ಅಲ್ಲಿದೆ.

ಧ್ರುವೀಕರಣ: ಬೆಳೆ ಅದೇ, ಆರಿಸಿದ್ದು ಹೊಸದು

ಧ್ರುವೀಕರಣ ಅನ್ನುವ ಪದವನ್ನು ಪತ್ರಿಕೆಗಳು ದಿನಾ ಬರೆಯುತ್ತವೆ. ಜನ ಎರಡು ಕೊನೆಗಳಿಗೆ ಸರಿದು ನಿಲ್ಲುವುದು ಅಂತ ಅರ್ಥ. ಭಿನ್ನಾಭಿಪ್ರಾಯ ಬೇರೆ, ಧ್ರುವೀಕರಣ ಬೇರೆ.

ಅಡಿಕೆಯ ಉದಾಹರಣೆಯನ್ನೇ ಹೇಳುತ್ತೇನೆ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಒಟ್ಟಿಗೆ ಗುಡ್ಡೆ ಹಾಕಿದರೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲ ಬೆರೆತಿರುತ್ತವೆ. ಕೂತು ಆರಿಸಿದರೆ ನಾಲ್ಕು ಬೇರೆ ಬೇರೆ ಚೀಲ. ಬೆಳೆ ಬದಲಾಗಿಲ್ಲ, ಒಂದು ಅಡಿಕೆಯೂ ಹೆಚ್ಚಾಗಿಲ್ಲ. ಆದರೆ ಈಗ ಒಂದು ಚೀಲಕ್ಕೆ ಕೈ ಹಾಕಿದರೆ ಒಂದೇ ಥರದ್ದು ಸಿಗುತ್ತದೆ.

ಅಮೆರಿಕದ ಎರಡು ಪಕ್ಷಗಳು 1950ರ ದಶಕದಲ್ಲಿ ಆರಿಸದ ಗುಡ್ಡೆಗಳಾಗಿದ್ದವು. ಡೆಮಾಕ್ರಟಿಕ್ ಪಕ್ಷದಲ್ಲಿ ಉತ್ತರದ ಕಾರ್ಮಿಕ ಸಂಘಗಳವರೂ ಇದ್ದರು, ಬಸ್ಸಿನಲ್ಲಿ ಕರಿಯರನ್ನು ಬೇರೆ ಸೀಟಿನಲ್ಲಿ ಕೂರಿಸಬೇಕು ಅನ್ನುವ ದಕ್ಷಿಣದ ಬಿಳಿಯರೂ ಇದ್ದರು. ರಿಪಬ್ಲಿಕನ್ ಪಕ್ಷದಲ್ಲಿ ನಾಗರಿಕ ಹಕ್ಕುಗಳ ಪರ ಇದ್ದವರು ಧಾರಾಳವಾಗಿದ್ದರು. ಲಿಂಕನ್ ಆ ಪಕ್ಷದವರೇ ತಾನೆ. ಈಗ ಹಾಗಿಲ್ಲ. ಒಬ್ಬ ಮನುಷ್ಯನ ಮೈಬಣ್ಣ, ಊರು, ಓದು, ಚರ್ಚಿಗೆ ಹೋಗುತ್ತಾನೋ ಇಲ್ಲವೋ, ಇಷ್ಟು ಗೊತ್ತಾದರೆ ಯಾವ ಚೀಲದವನು ಅಂತ ಬಹುಮಟ್ಟಿಗೆ ಊಹಿಸಬಹುದು.

ಇದರ ಪರಿಣಾಮವನ್ನು ಅಳೆದವರು ಒಂದು ತಮಾಷೆಯ ಪ್ರಶ್ನೆ ಬಳಸಿದ್ದಾರೆ. ನಿಮ್ಮ ಮಗನೋ ಮಗಳೋ ಆ ಇನ್ನೊಂದು ಪಕ್ಷದವರನ್ನು ಮದುವೆಯಾದರೆ ಬೇಸರವೇ? 1960ರಲ್ಲಿ ಹೌದು ಅಂದವರು ನೂರಕ್ಕೆ ಐದು ಜನ. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ ಜನ, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ. ಜಾತಕ, ಗೋತ್ರ ನೋಡುವ ನಮಗೆ ಈ ಪ್ರಶ್ನೆಯ ತೂಕ ಬಿಡಿಸಿ ಹೇಳಬೇಕಿಲ್ಲ. ಮದುವೆ ಮಾತುಕತೆಯಲ್ಲಿ ಪಕ್ಷ ಬಂತು ಅಂದರೆ ಅದು ಬರೀ ಅಭಿಪ್ರಾಯವಾಗಿ ಉಳಿದಿಲ್ಲ, ಕುಲವಾಗಿದೆ.

"ಜನಾಂಗ" ಅಂದರೆ ಅಲ್ಲಿ ಏನು?

ಕನ್ನಡದಲ್ಲಿ ಇದೊಂದು ತೊಡಕು. ನಾವು "ನಮ್ಮ ಜನಾಂಗದವರು" ಅಂದರೆ ಜಾತಿಯವರು ಅಂತ ಅರ್ಥ. ಸಮಾವೇಶದ ಫ್ಲೆಕ್ಸುಗಳಲ್ಲಿ ನೋಡುವುದು ಅದನ್ನೇ. ಅಮೆರಿಕದ ರೇಸ್ ಅದಲ್ಲ. ಅಲ್ಲಿ ಅದು ಮೂಲತಃ ಬಿಳಿಯ, ಕರಿಯ ಎಂಬ ಗೆರೆ. ಆ ಗೆರೆಯನ್ನು ಎಳೆದದ್ದು ಜೀವಶಾಸ್ತ್ರ ಅಲ್ಲ, ಕಾನೂನು.

ನಮಗೆ ತಟ್ಟುವ ಒಂದು ಸಾಕ್ಷಿ ಇದೆ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು, ಪೌರತ್ವ ಕೇಳಿದರು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಕೊಡುತ್ತಿದ್ದ ಕಾಲ. ಆಗಿನ ಪಂಡಿತರ ವರ್ಗೀಕರಣದಲ್ಲಿ ಭಾರತೀಯರು ಕಾಕೇಸಿಯನ್ ಗುಂಪಿನವರು, ಆದ್ದರಿಂದ ತಾನು ಬಿಳಿಯ ಅಂತ ಅವರ ವಾದ. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪಂಡಿತರು ಏನೇ ಹೇಳಲಿ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವನೇ ಬಿಳಿಯ ಎಂಬರ್ಥದ ತೀರ್ಪು ಕೊಟ್ಟು ಅರ್ಜಿ ತಳ್ಳಿಹಾಕಿತು. 1965ರ ವಲಸೆ ಕಾನೂನು ದೇಶವಾರು ಹಳೆಯ ಕೋಟಾ ಕಿತ್ತುಹಾಕಿದ ಮೇಲೆಯೇ ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಹೋಗಲು ದಾರಿಯಾದದ್ದು. ಟೆಕ್ಸಾಸ್‌ನ ಆ ಹುಡುಗಿ ಅಲ್ಲಿರುವುದಕ್ಕೂ ಒಂದು ರೀತಿಯಲ್ಲಿ ಅದೇ ಕಾರಣ.

ಕರಿಮಣ್ಣಿನ ಪಟ್ಟಿ

ಈಗ 10 ಕೋಟಿ ವರ್ಷದ ಮಾತಿಗೆ ಬರೋಣ. ಈ ಇಡೀ ವಿಷಯದಲ್ಲಿ ನನಗೆ ಮೈ ಜುಮ್ಮೆನ್ನಿಸಿದ ಭಾಗ ಇದೇ.

ಅಮೆರಿಕದ ದಕ್ಷಿಣದ ಕೌಂಟಿ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರೆ, ಕೆಂಪಿನ ನಡುವೆ ನೀಲಿ ಬಿಲ್ಲಿನಂಥ ಒಂದು ಪಟ್ಟಿ ಕಾಣುತ್ತದೆ. ಮಿಸಿಸಿಪಿಯಿಂದ ಅಲಬಾಮಾದ ನಡುವನ್ನು ಹಾದು ಜಾರ್ಜಿಯಾದ ಕಡೆಗೆ ಹೋಗುತ್ತದೆ. ಅಲ್ಲಿ ದೊಡ್ಡ ಪೇಟೆಗಳಿಲ್ಲ. ಹಳ್ಳಿಗಾಡೇ. ಮತ್ತೆ ನೀಲಿ ಯಾಕೆ?

ಡೈನೋಸಾರ್‌ಗಳ ಕಾಲದಲ್ಲಿ ಸಮುದ್ರದ ದಡ ಅಲ್ಲಿತ್ತು. ಆಳವಿಲ್ಲದ ಬೆಚ್ಚಗಿನ ನೀರಿನಲ್ಲಿ ಸೂಕ್ಷ್ಮ ಜೀವಿಗಳ ಚಿಪ್ಪು ತಳಕ್ಕೆ ಕೂತು ಸುಣ್ಣಕಲ್ಲಾಯಿತು. ಸಮುದ್ರ ಹಿಂದೆ ಸರಿದ ಮೇಲೆ ಅದರ ಮೇಲೆ ಕಪ್ಪನೆಯ ಫಲವತ್ತಾದ ಮಣ್ಣು ಬೆಳೆಯಿತು. ನಮ್ಮ ಜಂಬಿಟ್ಟಿಗೆ ಮಣ್ಣಿನಂಥದ್ದಲ್ಲ. ಘಟ್ಟದ ಮೂಡಲಿಗೆ ಇಳಿದು ಧಾರವಾಡ, ರಾಯಚೂರಿನ ಕಡೆ ಹೋದರೆ ಸಿಗುವ ಎರೆಭೂಮಿಯ ಥರದ್ದು. ಎರೆಯಲ್ಲಿ ಏನು ಬೆಳೆಯುತ್ತಾರೆ? ಹತ್ತಿ. ಅಲ್ಲೂ ಅದನ್ನೇ ಬೆಳೆದರು.

1793ರಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಬಂದಮೇಲೆ ಹತ್ತಿ ಬಂಗಾರವಾಯಿತು. ಹತ್ತಿ ಬಿಡಿಸಲು ಕೈ ಬೇಕು, ಕೈಗಳನ್ನು ಕೊಂಡುಕೊಂಡರು. 1860ರ ಜನಗಣತಿಯಲ್ಲಿ ಅಮೆರಿಕದಲ್ಲಿ ಗುಲಾಮರು ಸುಮಾರು 40 ಲಕ್ಷ. ಮಿಸಿಸಿಪಿಯಲ್ಲಿ ಸ್ವತಂತ್ರರಿಗಿಂತ ಗುಲಾಮರೇ ಹೆಚ್ಚು. ಅವರು ಎಲ್ಲಿ ಹೆಚ್ಚಿದ್ದರು? ಆ ಕಪ್ಪು ಮಣ್ಣಿನ ಮೇಲೆ. ಹಳೆಯ ಸಮುದ್ರದಡದ ನಕ್ಷೆ, ಮಣ್ಣಿನ ನಕ್ಷೆ, 1860ರ ಗುಲಾಮರ ನಕ್ಷೆ, ಇಂದಿನ ಓಟಿನ ನಕ್ಷೆ, ಈ ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಆ ಬಿಲ್ಲು ನಾಲ್ಕರಲ್ಲೂ ಒಂದೇ ಜಾಗದಲ್ಲಿರುತ್ತದೆ.

ಮಣ್ಣು ಓಟು ಹಾಕುವುದಿಲ್ಲ. ಮಣ್ಣು ಬೆಳೆಯನ್ನು ನಿರ್ಧರಿಸಿತು, ಬೆಳೆ ದುಡಿಮೆಯ ರೀತಿಯನ್ನು, ಅದು ಅಲ್ಲಿ ಯಾರು ನೆಲೆಸುತ್ತಾರೆ ಎಂಬುದನ್ನು. ಮಲೆನಾಡಿನವರಿಗೆ ಈ ಸರಪಳಿ ಹೊಸದಲ್ಲ. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಒಡೆಯರು ಯಾರು, ಗೇಣಿ ಮಾಡುವ ದೀವರು ಯಾರು ಎಂಬುದು ಆ ಕಣಿವೆಗಳ ಗದ್ದೆ-ತೋಟದ ಹಂಚಿಕೆಯಲ್ಲೇ ಬರೆದಿತ್ತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಗದ್ದೆಯ ಜಗಳ ಓಟಾಗಿ ಬದಲಾದದ್ದನ್ನು ನಮ್ಮ ಅಜ್ಜಂದಿರು ಕಣ್ಣಾರೆ ಕಂಡಿದ್ದಾರೆ.

ವ್ಯತ್ಯಾಸ ಮುಂದಿನದ್ದು. ನಮ್ಮಲ್ಲಿ 1974ರ ಭೂಸುಧಾರಣೆಯಿಂದ ಗೇಣಿದಾರರಲ್ಲಿ ಬಹಳಷ್ಟು ಜನರ ಹೆಸರಿಗೆ ಭೂಮಿ ಬಂತು. ಎಲ್ಲರಿಗೂ ಸಿಗಲಿಲ್ಲ, ಅದು ಬೇರೆ ಮಾತು. ಅಲ್ಲಿ ಗುಲಾಮಗಿರಿಯ ವಿಷಯಕ್ಕೆ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧದ ಕೊನೆಗೆ, 1865ರ ಜನವರಿಯಲ್ಲಿ, ಉತ್ತರದ ಸೇನಾಧಿಕಾರಿ ಶೆರ್ಮನ್, ಬಿಡುಗಡೆಯಾದ ಗುಲಾಮರ ಕುಟುಂಬಗಳಿಗೆ ಕರಾವಳಿಯ ಭೂಮಿಯಲ್ಲಿ ತಲಾ 40 ಎಕರೆವರೆಗೆ ಹಂಚಲು ಆದೇಶ ಕೊಟ್ಟಿದ್ದರು. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ರದ್ದು ಮಾಡಿ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದರು. ಗುಲಾಮರಾಗಿದ್ದವರು ಅದೇ ಮಣ್ಣಿನಲ್ಲಿ ಕೋರು ಪಾಲಿಗೆ ದುಡಿಯುವವರಾಗಿ ಉಳಿದರು.

ಓಟಿನ ಹಕ್ಕು 1870ರಲ್ಲಿ ಸಂವಿಧಾನಕ್ಕೆ ಸೇರಿತು. ಕೆಲವು ವರ್ಷ ಕರಿಯರು ಓಟು ಹಾಕಿದರು, ಗೆದ್ದು ಶಾಸನಸಭೆಗೂ ಹೋದರು. ಆಮೇಲೆ ಬಾಗಿಲು ಒಂದೊಂದಾಗಿ ಮುಚ್ಚಿತು. 1890ರ ಮಿಸಿಸಿಪಿ ಸಂವಿಧಾನದಲ್ಲಿ ಓಟು ಹಾಕಲು ತಲೆಗಂದಾಯ, ಜೊತೆಗೆ ಓದುವ, ಅರ್ಥ ಹೇಳುವ ಪರೀಕ್ಷೆ. ಪಾಸೋ ಫೇಲೋ ಅಂತ ಹೇಳುವವನು ಬಿಳಿಯ ಗುಮಾಸ್ತ. ಆ ಕರಿಮಣ್ಣಿನ ಪಟ್ಟಿಯಲ್ಲೇ ಇರುವ ಅಲಬಾಮಾದ ಸೆಲ್ಮಾ ಪಟ್ಟಣದ ಕೌಂಟಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಕರಿಯರು. 1965ರ ಆರಂಭದಲ್ಲಿ ಅವರಲ್ಲಿ ನೂರಕ್ಕೆ ಮೂರು ಜನರೂ ಮತದಾರರ ಪಟ್ಟಿಯಲ್ಲಿರಲಿಲ್ಲ.

1964: ಚೀಲ ಬದಲಾದ ವರ್ಷ

ಇಷ್ಟು ದಿನ ದಕ್ಷಿಣದ ಬಿಳಿಯರು ಡೆಮಾಕ್ರಟಿಕ್ ಪಕ್ಷದ ಕಟ್ಟಾ ಮತದಾರರು. ಗುಲಾಮಗಿರಿ ತೆಗೆದ ಲಿಂಕನ್ನನ ಪಕ್ಷಕ್ಕೆ ಓಟು ಹಾಕುವುದುಂಟೇ ಎಂಬ ನೂರು ವರ್ಷದ ಹಠ. ಆದರೆ 1964ರ ಜುಲೈ 2ರಂದು, ಮೈಬಣ್ಣ ನೋಡಿ ತಾರತಮ್ಯ ಮಾಡುವುದನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಡೆಮಾಕ್ರಟ್, ಅದೂ ದಕ್ಷಿಣದ ಟೆಕ್ಸಾಸಿನವರು. ಅದನ್ನು ವಿರೋಧಿಸಿ ಓಟು ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್ ಆ ವರ್ಷದ ರಿಪಬ್ಲಿಕನ್ ಅಭ್ಯರ್ಥಿ. ನವೆಂಬರಿನಲ್ಲಿ ಗೋಲ್ಡ್‌ವಾಟರ್ ಹೀನಾಯವಾಗಿ ಸೋತರು. ಗೆದ್ದದ್ದು ಆರೇ ರಾಜ್ಯ: ತಮ್ಮ ತವರು ಅರಿಜೋನಾ, ಮತ್ತೆ ಲೂಸಿಯಾನಾ, ಮಿಸಿಸಿಪಿ, ಅಲಬಾಮಾ, ಜಾರ್ಜಿಯಾ, ದಕ್ಷಿಣ ಕೆರೊಲಿನಾ. ಹತ್ತಿಯ ಸೀಮೆಯ ಐದೂ ರಾಜ್ಯ ಒಂದೇ ಏಟಿಗೆ ಮಗ್ಗುಲು ಬದಲಿಸಿದ್ದವು.

ಮರುವರ್ಷ ಮಾರ್ಚ್ 7ರಂದು ಸೆಲ್ಮಾದ ಸೇತುವೆ ಮೇಲೆ ಓಟಿನ ಹಕ್ಕು ಕೇಳಿ ನಡೆದವರ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ದೇಶ ಟಿವಿಯಲ್ಲಿ ನೋಡಿತು. ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾನೂನು ಬಂತು. ಕರಿಯ ಮತದಾರರು ನೋಂದಾಯಿಸಿಕೊಂಡರು, ಡೆಮಾಕ್ರಟಿಕ್ ಪಕ್ಷಕ್ಕೆ ಗಟ್ಟಿಯಾದರು. ಬಿಳಿಯರು ನಿಧಾನಕ್ಕೆ, ಮೊದಲು ಅಧ್ಯಕ್ಷ ಚುನಾವಣೆಯಲ್ಲಿ, ದಶಕಗಳ ನಂತರ ಊರಿನ ಸಣ್ಣ ಹುದ್ದೆಗಳಿಗೂ ಆಚೆಗೆ ಸರಿದರು. ಅಡಿಕೆ ಆರಿಸುವ ಕೆಲಸ ಹೀಗೆ ಶುರುವಾದದ್ದು. ಜನಾಂಗದ ಪ್ರಶ್ನೆಯೊಂದೇ ಕಾರಣ ಅನ್ನುವುದು ಅತಿಯಾದೀತು. ಧರ್ಮ, ಗರ್ಭಪಾತ, ಬಂದೂಕು, ತೆರಿಗೆ ಎಲ್ಲವೂ ಆಮೇಲೆ ಸೇರಿಕೊಂಡವು. ಆದರೆ ಮೊದಲ ಜಾಲರಿ ಅದೇ.

ಇವತ್ತಿನ ಮಿಸಿಸಿಪಿಯನ್ನು ನೋಡಿ. ನೂರಕ್ಕೆ ಸುಮಾರು 38 ಜನ ಕರಿಯರು, ಅಮೆರಿಕದ ಯಾವ ರಾಜ್ಯದಲ್ಲೂ ಇಷ್ಟು ಪಾಲು ಇಲ್ಲ. ಅವರಲ್ಲಿ ಬಹುಪಾಲು ಓಟು ಹಾಕುವುದು ಡೆಮಾಕ್ರಟರಿಗೆ. ಆದರೂ 1980ರಿಂದ ಈಚೆಗೆ ಒಂದೇ ಒಂದು ಸಲವೂ ಆ ರಾಜ್ಯ ಅಧ್ಯಕ್ಷ ಚುನಾವಣೆಯಲ್ಲಿ ನೀಲಿಯಾಗಿಲ್ಲ. ಬಿಳಿಯರೂ ಅಷ್ಟೇ ಗಟ್ಟಿಯಾಗಿ ಎದುರು ಚೀಲದಲ್ಲಿದ್ದಾರೆ.

ಪೇಟೆಗೆ ಹೋದವರು ಮತ್ತು ಕೆಂಪು ಶಾಯಿ

ಎಲ್ಲರೂ ಹತ್ತಿ ಹೊಲದಲ್ಲೇ ಉಳಿಯಲಿಲ್ಲ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕರಿಯರು ದಕ್ಷಿಣ ಬಿಟ್ಟು ಷಿಕಾಗೋ, ಡೆಟ್ರಾಯಿಟ್, ಫಿಲಡೆಲ್ಫಿಯಾ, ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗೆ ರೈಲು ಹತ್ತಿದರು. ಆ ಪೇಟೆಗಳಲ್ಲಿ ಅವರಿಗೆ ಸಿಕ್ಕ ಜಾಗ ಮಾತ್ರ ಲೆಕ್ಕದ್ದು.

1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿತು. ಸಾಲ ಕೊಡಲು ಒಳ್ಳೆಯ ಬಡಾವಣೆಗೆ ಹಸಿರು, ಆಮೇಲೆ ನೀಲಿ, ಹಳದಿ. ಅಪಾಯದ್ದು ಅನ್ನಿಸಿದ್ದಕ್ಕೆ ಕೆಂಪು. ಕರಿಯರು ಇರುವ ಕೇರಿಗಳು ಹೆಚ್ಚುಕಮ್ಮಿ ಎಲ್ಲವೂ ಕೆಂಪು. ಇಂಥ ಕಡೆ ಮನೆಸಾಲ ಸಿಗುವುದು ದುಸ್ತರವಾಯಿತು. ಎರಡನೇ ಮಹಾಯುದ್ಧದ ನಂತರ ಊರಾಚೆ ಹೊಸ ಬಡಾವಣೆಗಳೆದ್ದಾಗ ಅಗ್ಗದ ಸಾಲ ಪಡೆದು ಅಲ್ಲಿಗೆ ಹೋದವರು ಬಿಳಿಯರು. 1968ರಲ್ಲಿ ಕಾನೂನು ಈ ತಾರತಮ್ಯವನ್ನು ನಿಷೇಧಿಸಿತು. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಸಾಲ ಸಿಗದಿದ್ದರೆ ಏನಾಗುತ್ತದೆ ಅಂತ ಇಲ್ಲಿ ಬಿಡಿಸಿ ಹೇಳಬೇಕೇ? ಪಹಣಿ ಇರುವವನಿಗೆ ಸೊಸೈಟಿ ಸಾಲ ಕೊಡುತ್ತದೆ, ಬಗರ್‌ಹುಕುಂನವನಿಗೆ ಕೊಡುವುದಿಲ್ಲ. ಇಬ್ಬರದ್ದೂ ಎರಡೆರಡು ಎಕರೆ, ಇಬ್ಬರದ್ದೂ ಅದೇ ಮಳೆ, ಅದೇ ಕೊಳೆರೋಗ. ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬನ ಮಗ ಇಂಜಿನಿಯರು, ಇನ್ನೊಬ್ಬನ ಮಗ ಮೊದಲಿನವನ ತೋಟದಲ್ಲಿ ಕೊನೆಗಾರ. ಶರಾವತಿ ಮುಳುಗಡೆಯವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುವುದನ್ನು ನೋಡಿದವರಿಗೆ, ಒಂದು ಕಾಗದ ಊರಿನ ಆಕಾರವನ್ನೇ ಹೇಗೆ ತಿದ್ದುತ್ತದೆ ಎಂಬುದು ಗೊತ್ತು.

ಪರಿಣಾಮ ಇದು: ಕರಿಯ ಮತದಾರರಲ್ಲಿ ಹೆಚ್ಚಿನವರು ಪೇಟೆಗಳ ಒಳಗೆ ಒತ್ತೊತ್ತಾಗಿ, ಬಿಳಿಯರು ಸುತ್ತಲ ಬಡಾವಣೆ ಮತ್ತು ಹಳ್ಳಿಗಳಲ್ಲಿ. ಕಾಲೇಜು ಓದಿದವರೂ ಹೊಸ ವಲಸಿಗರೂ ಕೆಲಸ ಹುಡುಕಿ ಅದೇ ಪೇಟೆಗಳಿಗೆ ಬಂದರು. ಅಂಗಳದಲ್ಲಿ ಕಂಡ ಆ ನೀಲಿ ಚುಕ್ಕೆಗಳು ಇವೇ.

ಎರಡು ಗುಡ್ಡಗಾಡು ರಾಜ್ಯ

ಹಾಗಾದರೆ ಬಿಳಿಯರ ಹಳ್ಳಿ ಅಂದರೆ ಕೆಂಪೇ? ಇಲ್ಲಿ ಮಲೆನಾಡಿನವರಿಗೆ ಇಷ್ಟವಾಗುವ ಎರಡು ಊರುಗಳನ್ನು ಪಕ್ಕಪಕ್ಕ ಇಡುತ್ತೇನೆ: ಪಶ್ಚಿಮ ವರ್ಜೀನಿಯಾ ಮತ್ತು ವರ್ಮಾಂಟ್. ಎರಡೂ ಬೆಟ್ಟದ ಸೀಮೆ, ಕಾಡು, ಸಣ್ಣ ಊರುಗಳು. ಎರಡರಲ್ಲೂ ನೂರಕ್ಕೆ ಸುಮಾರು 90 ಜನ ಬಿಳಿಯರು. 2024ರಲ್ಲಿ ಪಶ್ಚಿಮ ವರ್ಜೀನಿಯಾ ನೂರಕ್ಕೆ ಸುಮಾರು 70 ಓಟು ಟ್ರಂಪ್‌ಗೆ ಕೊಟ್ಟಿತು, ವರ್ಮಾಂಟ್ ಸುಮಾರು 64 ಓಟು ಹ್ಯಾರಿಸ್‌ಗೆ.

ಇನ್ನೂ ಸ್ವಾರಸ್ಯ ಇತಿಹಾಸದಲ್ಲಿದೆ. ಪಶ್ಚಿಮ ವರ್ಜೀನಿಯಾ ಹುಟ್ಟಿದ್ದೇ ಗುಡ್ಡದ ದೆಸೆಯಿಂದ. ವರ್ಜೀನಿಯಾದ ಬಯಲಿನಲ್ಲಿ ದೊಡ್ಡ ತೋಟಗಳು, ಗುಲಾಮರು. ಘಟ್ಟದ ಮೇಲೆ ಸಣ್ಣ ಹಿಡುವಳಿ, ಗುಲಾಮರು ಕಡಿಮೆ. ಅಂತರ್ಯುದ್ಧ ಬಂದಾಗ ಘಟ್ಟದವರು ಬಯಲಿನವರ ಜೊತೆ ಹೋಗಲು ಒಪ್ಪದೆ ಬೇರೆಯಾಗಿ 1863ರಲ್ಲಿ ತಮ್ಮದೇ ರಾಜ್ಯ ಮಾಡಿಕೊಂಡರು. ಮುಂದೆ ಕಲ್ಲಿದ್ದಲು ಗಣಿ, ಗಣಿಗಳಲ್ಲಿ ಕಾರ್ಮಿಕ ಸಂಘ, ಸಂಘದಿಂದ ಡೆಮಾಕ್ರಟಿಕ್ ಓಟು. 1996ರಲ್ಲೂ ಕ್ಲಿಂಟನ್ ಅಲ್ಲಿ ಗೆದ್ದರು. ಆಮೇಲೆ ಗಣಿ ಕೆಲಸ ಕರಗಿತು, ಸಂಘ ಸೊರಗಿತು, ಕಲ್ಲಿದ್ದಲನ್ನು ದೂರುವ ಪರಿಸರದ ಮಾತು ಡೆಮಾಕ್ರಟರದ್ದಾಯಿತು. 2000ದಿಂದ ಅದು ಕೆಂಪು.

ವರ್ಮಾಂಟ್ ಇದರ ತಿರುವುಮುರುವು. 1936ರಲ್ಲಿ ರೂಸ್‌ವೆಲ್ಟ್ ಇಡೀ ದೇಶ ಬಾಚಿಕೊಂಡಾಗ ಅವರಿಗೆ ಸೊಪ್ಪು ಹಾಕದೆ ರಿಪಬ್ಲಿಕನ್ನರ ಜೊತೆ ನಿಂತ ಎರಡೇ ರಾಜ್ಯಗಳಲ್ಲಿ ಇದೊಂದು. ಆದರೆ 60-70ರ ದಶಕಗಳಲ್ಲಿ ನ್ಯೂಯಾರ್ಕ್, ಬಾಸ್ಟನ್ ಕಡೆಯ ಓದಿದ ಹುಡುಗರು ಹಳ್ಳಿ ಬದುಕು ಹುಡುಕಿಕೊಂಡು ಬಂದು ನೆಲೆಸಿದರು. ಮುಂದೆ ಅದೇ ರಾಜ್ಯದ ಸೆನೆಟರ್ ಆದ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬರ್ನಿ ಸ್ಯಾಂಡರ್ಸ್ ಹಾಗೆ ಬಂದವರೇ. ಕಾಲೇಜು ಪದವಿ ಪಡೆದವರ ಪಾಲು ವರ್ಮಾಂಟಿನಲ್ಲಿ ದೇಶದಲ್ಲೇ ಮುಂದಿನ ಸಾಲಿನದು, ಪಶ್ಚಿಮ ವರ್ಜೀನಿಯಾದಲ್ಲಿ ಕಟ್ಟಕಡೆಯದು.

ಹಾಗಾಗಿ ಭೂಗೋಳ ಅಂದಾಗ ಬರೀ ಗುಡ್ಡ-ಬಯಲು ನೋಡಿದರೆ ಸಾಲದು. ಆ ಗುಡ್ಡಕ್ಕೆ ಯಾರು ಬಂದರು, ಯಾರು ಬಿಟ್ಟು ಹೋದರು, ಅಲ್ಲಿನ ದುಡಿಮೆ ಏನಾಯಿತು ಅಂತ ಕೇಳಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿ ವಯಸ್ಸಾದವರೇ ಉಳಿದ ನಮ್ಮ ಮನೆಗಳ ಸಾಲು ನೋಡುವಾಗ ನನಗೆ ಈ ಎರಡು ರಾಜ್ಯ ನೆನಪಾಗುತ್ತವೆ.

ಗೆರೆ ಎಳೆಯುವ ಕೈ

ಜನ ಬೇರೆ ಬೇರೆ ಕಡೆ ನೆಲೆಸಿದ್ದಾರೆ, ಸರಿ. ಅದು ಅಧಿಕಾರವಾಗಿ ಹೇಗೆ ಬದಲಾಗುತ್ತದೆ? ಮೂರು ದಾರಿ.

ಅಧ್ಯಕ್ಷರನ್ನು ಆರಿಸುವುದು ನೇರ ಓಟಲ್ಲ, 538 ಪ್ರತಿನಿಧಿ ಮತಗಳು. 270 ಬಂದವರು ಗೆದ್ದರು. ಒಂದು ರಾಜ್ಯದಲ್ಲಿ ಒಂದೇ ಓಟು ಮುಂದಿದ್ದರೂ ಆ ರಾಜ್ಯದ ಎಲ್ಲ ಮತ ಅವರಿಗೇ, ಮೇನ್ ಮತ್ತು ನೆಬ್ರಾಸ್ಕ ಬಿಟ್ಟು. ವಯೋಮಿಂಗ್‌ಗೆ 3 ಮತ, ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಗೆ 54. ಲೆಕ್ಕ ಹಾಕಿದರೆ ಅಲ್ಲಿ ಸುಮಾರು 1.9 ಲಕ್ಷ ಜನಕ್ಕೊಂದು, ಇಲ್ಲಿ 7.3 ಲಕ್ಷಕ್ಕೊಂದು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಓಟು ಮುಂದಿದ್ದು ಸೋತದ್ದು ಹೀಗೆ. ಎರಡನೆಯದು ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ. ಅಲ್ಲಂತೂ ಸಣ್ಣದು ದೊಡ್ಡದು ಎನ್ನದೆ ರಾಜ್ಯಕ್ಕೆ ಇಬ್ಬರು.

ಮೂರನೆಯದು ಕ್ಷೇತ್ರದ ಗೆರೆ. ನಮ್ಮೂರಿನಂಥ ಊರಿನಲ್ಲಿ 50 ಮನೆ ಅಂದುಕೊಳ್ಳಿ. 30 ಮನೆಯವರಿಗೆ ರಸ್ತೆಗೆ ಡಾಂಬರು ಬೇಕು, 20 ಮನೆಯವರಿಗೆ ಹಳ್ಳಕ್ಕೆ ಕಾಲುಸಂಕ ಬೇಕು. ಹತ್ತು ಮನೆಗೊಂದರಂತೆ ಐದು ವಾರ್ಡು. ಪ್ರತಿ ವಾರ್ಡಿಗೂ ಡಾಂಬರಿನ 6, ಸಂಕದ 4 ಮನೆ ಹಾಕಿದರೆ ಐದಕ್ಕೈದೂ ಡಾಂಬರಿಗೆ. ಬದಲಿಗೆ ಡಾಂಬರಿನ 20 ಮನೆಯನ್ನು ಎರಡೇ ವಾರ್ಡಿಗೆ ತುಂಬಿಬಿಡಿ. ಉಳಿದ ಮೂರು ವಾರ್ಡಿನಲ್ಲಿ ಡಾಂಬರಿನವರು 10, ಸಂಕದವರು 20. ಮೂರೂ ಸಂಕದವರಿಗೆ, ಅವರೇ ಬಹುಮತ. ಯಾರೂ ಮನಸ್ಸು ಬದಲಿಸಿಲ್ಲ, ಗೆರೆ ಮಾತ್ರ ಬದಲಾಯಿತು. ಮೊದಲನೆಯದು ಎದುರಾಳಿಗಳನ್ನು ಚದುರಿಸುವುದು, ಎರಡನೆಯದು ಒಂದೇ ಚೀಲಕ್ಕೆ ತುರುಕುವುದು. ಒಂದೇ ಬಣ್ಣದವರು ಒಂದೇ ಕೇರಿಯಲ್ಲಿದ್ದರೆ ಎರಡೂ ಸಲೀಸು.

1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಡ್ಜ್ ಗೆರಿ ಒಪ್ಪಿದ ಒಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಆಕಾರದಲ್ಲಿತ್ತು. ಪತ್ರಿಕೆಯವರು ಎರಡನ್ನೂ ಸೇರಿಸಿ "ಗೆರಿಮ್ಯಾಂಡರ್" ಅಂದರು, ಹೆಸರು ಉಳಿಯಿತು. ಹೆಚ್ಚಿನ ರಾಜ್ಯಗಳಲ್ಲಿ ಈ ಗೆರೆ ಎಳೆಯುವವರು ಗೆದ್ದ ಶಾಸಕರೇ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪಕ್ಷದ ಲಾಭಕ್ಕೆ ಗೆರೆ ಎಳೆದರೆ ಕೇಂದ್ರದ ನ್ಯಾಯಾಲಯಗಳು ಅದನ್ನು ತೀರ್ಮಾನಿಸಲಾರವು ಎಂದಿತು. ಜನಾಂಗದ ವಿಷಯ ಹಿಡಿದು ಪ್ರಶ್ನಿಸುವ ದಾರಿ ಮಾತ್ರ ಆಗ ಉಳಿದಿತ್ತು. ಕರಿಯರ ಓಟಿನ ಬಲ ಕುಗ್ಗಿಸುತ್ತದೆ ಎಂಬ ಕಾರಣಕ್ಕೆ 2023ರಲ್ಲಿ ಅಲಬಾಮಾದ ನಕ್ಷೆ ಬಿದ್ದುಹೋಯಿತು. ತಮಾಷೆ ಏನೆಂದರೆ, ದಕ್ಷಿಣದಲ್ಲಿ ಪಕ್ಷವೂ ಮೈಬಣ್ಣವೂ ಒಂದೇ ಅಚ್ಚಿನಲ್ಲಿ ಕೂತಿವೆ. ಗೆರೆ ಎಳೆದವನು ಯಾವುದನ್ನು ನೋಡಿ ಎಳೆದ ಅಂತ ಹೇಳುವುದು ಹೇಗೆ? ವಕೀಲರ ಜಗಳವೆಲ್ಲ ಇದರ ಮೇಲೆಯೇ. 2025ರಲ್ಲಿ ಟೆಕ್ಸಾಸ್ ಜನಗಣತಿಗೂ ಕಾಯದೆ ರಿಪಬ್ಲಿಕನ್ನರಿಗೆ ಅನುಕೂಲವಾಗುವ ಹೊಸ ಗೆರೆ ಎಳೆಯಿತು. ಕ್ಯಾಲಿಫೋರ್ನಿಯಾ ಅದಕ್ಕೆ ಎದುರೇಟು ಕೊಟ್ಟು ಡೆಮಾಕ್ರಟರಿಗೆ ಅನುಕೂಲವಾಗುವ ಗೆರೆಗೆ ಮತದಾರರ ಒಪ್ಪಿಗೆ ಪಡೆಯಿತು.

ಬಣ್ಣ ಕಲ್ಲಿನಲ್ಲಿ ಕೊರೆದದ್ದಲ್ಲ

ಟೆಕ್ಸಾಸ್‌ನ ದಕ್ಷಿಣದ ತುದಿ, ಮೆಕ್ಸಿಕೋ ಗಡಿಯ ಹೊಳೆಯ ದಡದಲ್ಲಿ ಸ್ಟಾರ್ ಎಂಬ ಕೌಂಟಿ ಇದೆ. ನೂರಕ್ಕೆ 95ಕ್ಕೂ ಹೆಚ್ಚು ಜನ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. 1896ರಿಂದ ಈಚೆಗೆ ಪ್ರತಿ ಅಧ್ಯಕ್ಷ ಚುನಾವಣೆಯಲ್ಲೂ ಅದು ರಿಪಬ್ಲಿಕನ್ನರನ್ನು ದೂರ ಇಟ್ಟಿತ್ತು. 2024ರಲ್ಲಿ ಟ್ರಂಪ್ ಅಲ್ಲಿ ಗೆದ್ದರು. ಬಿಳಿಯರಲ್ಲದವರೆಲ್ಲ ಒಂದೇ ಚೀಲ ಎಂಬ ಲೆಕ್ಕ ಅಲ್ಲಿ ತಪ್ಪಿತು. ಬೆಲೆಯೇರಿಕೆ, ಗಡಿಯ ಪರಿಸ್ಥಿತಿ, ತೈಲದ ಕೆಲಸ ಅಂತ ವಿವರಣೆಗಳು ಹಲವು. ಓದಿದವರು ಒಂದು ಕಡೆ, ಓದದವರು ಇನ್ನೊಂದು ಕಡೆ ಎಂಬ ಹೊಸ ಜಾಲರಿ ಹಳೆಯ ಜಾಲರಿಯ ಮೇಲೆ ಬಿದ್ದಿದೆ ಅನ್ನುವವರೂ ಇದ್ದಾರೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಈ ವರ್ಷದ ಸುಲಿತವೂ ಬಂದಿತ್ತು. ಅದೇ ಚಪ್ಪರ, ಅದೇ ಮೆಟ್ಟುಗತ್ತಿ. ವಾರ್ಡಿನ ಲೆಕ್ಕವನ್ನು ಹಿರಿಯರು ಎರಡು ಸಲ ಕೇಳಿ, ನೆಲದ ಮೇಲೆ ಐವತ್ತು ಅಡಿಕೆ ಇಟ್ಟು ತಾವೇ ಮಾಡಿ ನೋಡಿದರು. ನಮ್ಮಲ್ಲಿ ಗೆರೆ ಎಳೆಯುವುದು ಶಾಸಕರಲ್ಲ, ನ್ಯಾಯಮೂರ್ತಿಗಳ ಅಧ್ಯಕ್ಷತೆಯ ಆಯೋಗ ಅಂತ ನಾನು ಹೇಳಿದೆ. 2026ರ ನಂತರದ ಜನಗಣತಿ ಆದಮೇಲೆ ಮತ್ತೆ ಎಳೆಯುತ್ತಾರೆ, ಜನ ವಿರಳವಾಗಿರುವ ಕಡೆ ಕ್ಷೇತ್ರ ಉದ್ದುದ್ದ ಆಗುತ್ತದೆ ಅಂತಲೂ.

ಅವರು ಅಡಿಕೆಗಳನ್ನು ಬುಟ್ಟಿಗೆ ಬಾಚಿದರು. "ಹೋದ ಸಲ ಎಳೆದಾಗ ನಮ್ಮ ಹೊಸನಗರ ಕ್ಷೇತ್ರಾನೇ ಹೋಯ್ತು. ಅರ್ಧ ಸಾಗರಕ್ಕೆ, ಅರ್ಧ ತೀರ್ಥಹಳ್ಳಿಗೆ. ಆವಾಗ ನನ್ನ ಹತ್ರ ಯಾರೂ ಅಡಿಕೆ ಇಟ್ಟು ತೋರಿಸ್ಲಿಲ್ಲ ನೋಡು."